ಬೆಳಕಿಗೆ ಹಿಡಿದ ಕೈ

ಮಡಿಲು ತುಂಬುವ ದಿನ ಬೀಗಿತ್ತಿ ಅಮ್ಮಾಜಮ್ಮ ನಮ್ಮ ಅಕ್ಕಯ್ಯಮ್ಮನ ಕೈಯನ್ನು ತಡೆದಳು. ತಟ್ಟೆಯಲ್ಲಿ ಕೊಬ್ಬರಿ, ಬೆಲ್ಲ, ಅಕ್ಕಿ, ಹಸಿರು ಬಳೆ ಎಲ್ಲ ಇದ್ದವು. ಅಕ್ಕಯ್ಯಮ್ಮನ ಬಸುರಿ ಮಗಳು ಮುನಿರತ್ನಮ್ಮ ಮಣೆಯ ಮೇಲೆ ಕೂತು ಸೆರಗೊಡ್ಡಿದ್ದಳು. ಅಕ್ಕಯ್ಯಮ್ಮ ಬಗ್ಗಿ ಕೈ ಚಾಚಿದ್ದೇ ತಡ, ಅಮ್ಮಾಜಮ್ಮ ತಟ್ಟೆಯನ್ನು ಎತ್ತಿ ನನ್ನ ಕೈಗಿಟ್ಟು ನೀನು ತುಂಬು ಅಂದಳು. ಕಾಮಸಮುದ್ರದ ಬೀಗರ ನಡುಮನೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ನೆಲ ನೋಡತೊಡಗಿದರು.

ನಾನು ಅಕ್ಕಯ್ಯಮ್ಮನ ಓರಗಿತ್ತಿ, ಚಿಕ್ಕವೆಂಕಟಮ್ಮ. ನನ್ನ ಬಾಯಿ ಎಂಥದ್ದು ಅಂತ ಕ್ಯಾಸಂಬಳ್ಳಿ ಸುತ್ತಿನ ಊರಿಗೆಲ್ಲ ಗೊತ್ತು. ಅವತ್ತು ಆ ತಟ್ಟೆಯನ್ನು ಅಮ್ಮಾಜಮ್ಮನ ತಲೆಯ ಮೇಲೆ ಬೋರಲು ಹಾಕಬೇಕೆನ್ನಿಸಿತ್ತು. ಅಕ್ಕ ಕಣ್ಣಲ್ಲೇ ಬೇಡ ಅಂದಳು, ಅದಕ್ಕೆ ಹಲ್ಲು ಕಚ್ಚಿಕೊಂಡು ತುಂಬಿದೆ.

ಅಕ್ಕನ ಎರಡು ಕೈಗೂ ತೊನ್ನು ಹತ್ತಿತ್ತು. ಮೊದಲು ಬೆರಳ ತುದಿ, ಆಮೇಲೆ ಗೆಣ್ಣು, ಆಮೇಲೆ ಮುಂಗೈ. ನೋವಿಲ್ಲ, ತುರಿಕೆಯಿಲ್ಲ, ಬಣ್ಣ ಮಾತ್ರ ಇಲ್ಲ. ಅವಳು ಆ ಕೈಯಿಂದಲೇ ಹಸು ಕರೆದು, ಕ್ಯಾನು ಹೊತ್ತುಕೊಂಡು ಹೋಗಿ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯವರ ಲೈನು ಮನೆಗಳಿಗೆ ಹಾಲು ಹಾಕುತ್ತಿದ್ದಳು. ಹಾಲಿನ ವರ್ತನೆಯ ಮನೆಗಳು ಕಡಿಮೆಯಾದಾಗ ಅವಳು ಅಷ್ಟೇನೂ ಅಳಲಿಲ್ಲ. ಅತ್ತಿದ್ದು ಬೇರೆಯದಕ್ಕೆ. ನಮ್ಮೂರಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡವೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ, ಮೂಗು ತೀಡಿ, ತಲೆ ತಟ್ಟಿ ಅವಳು ಎರೆದರೆ ಕೂಸು ಅರ್ಧ ಸ್ನಾನದಲ್ಲೇ ನಿದ್ದೆ ಹೋಗುತ್ತಿತ್ತು. ಕೈ ಬೆಳ್ಳಗಾದ ಮೇಲೆ ಒಂದೊಂದೇ ಮನೆಯವರು ಕರೆಯುವುದನ್ನು ಬಿಟ್ಟರು. ಇರಲಿ, ನನ್ನ ಮಗಳ ಮಗು ಇದೆಯಲ್ಲ ಅಂತ ಅವಳು ಆಸೆಯನ್ನೆಲ್ಲ ಅಲ್ಲಿಟ್ಟುಕೊಂಡಿದ್ದಳು.

ಅಮ್ಮಾಜಮ್ಮ ಆ ಆಸೆಗೇ ಕೈ ಹಾಕಿದಳು. ಊಟವಾದ ಮೇಲೆ ನಮ್ಮಿಬ್ಬರನ್ನೂ ಹಿತ್ತಿಲಿಗೆ ಕರೆದು, ದನಿ ಏರಿಸದೆ, ಎಲೆ ಅಡಿಕೆ ಮೆಲ್ಲುತ್ತ ಹೇಳಿದಳು.

"ಕೈ ಸರಿ ಓದ್ರೆ ಚೊಚ್ಚಲ ಎರಿಗೆಗೆ ಕಳಿಸ್ತೀನಿ. ಇಲ್ದಿದ್ರೆ ಮಗು ಇಲ್ಲೇ ಉಟ್ತದೆ, ನಾನೇ ಎರೀತೀನಿ. ಆ ಕೈ ನನ್ನ ಮೊಮ್ಮಗೂನ ಮುಟ್ಟೋದು ಬ್ಯಾಡ."

ಚೊಚ್ಚಲ ಹೆರಿಗೆಯನ್ನು ತವರಿಗೆ ತಪ್ಪಿಸಿದರೆ ಊರು ಏನೆಲ್ಲ ಆಡಿಕೊಳ್ಳುತ್ತದೆ ಅನ್ನುವುದು ಅಮ್ಮಾಜಮ್ಮನಿಗೂ ಗೊತ್ತಿತ್ತು. ತುಂಬಿದ ತಿಂಗಳಲ್ಲಿ, ಬಂಗಾರಪೇಟೆಯ ಮೊದಲ ಸಂತೆಯ ಮಾರನೆಯ ದಿನ ಸೊಸೆಯನ್ನು ಕರೆದುಕೊಂಡು ಬರುತ್ತೇನೆ, ಬಂದು ಕೈ ನೋಡುತ್ತೇನೆ ಅಂದಳು. ಅಷ್ಟು ಗಡುವು ಕೊಟ್ಟಿದ್ದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದಳು ಮಹಾತಾಯಿ.

ದೀಪದ ಸುದ್ದಿ ಹೇಳಿದವನು ನಮ್ಮ ಹಾಲಿನ ವರ್ತನೆಯ ಆರುಮುಗಂ. ಗಣಿಯೊಳಗೆ ದುಡಿಯುವವನು. ಚಾಂಪಿಯನ್ ರೀಫ್ಸ್ ಬಜಾರಿನ ಹಿಂದೆ ಪೆರುಮಾಳ್ ಅನ್ನುವ ಡಾಕ್ಟರು ಸ್ವಂತ ಶಾಪು ಇಟ್ಟಿದ್ದಾರೆ, ಗಣಿ ಸರ್ಕಾರದ ಕೈಗೆ ಬಂದಾಗ ಊರು ಬಿಟ್ಟ ಇಂಗ್ಲಿಷ್ ದೊರೆಯೊಬ್ಬನ ಸಾಮಾನಿನ ಹರಾಜಿನಲ್ಲಿ ಬಿಸಿಲಿನಂಥ ಬೆಳಕು ಕೊಡುವ ದೀಪವೊಂದನ್ನು ಹಿಡಿದಿದ್ದಾರೆ, ಅದರಲ್ಲಿ ತೊನ್ನಿಗೆ ಔಷಧ ಮಾಡುತ್ತಾರೆ ಅಂದ. ನಾನು ನಂಬಲಿಲ್ಲ. ಅಕ್ಕ ಅವತ್ತೇ ಹೋಗೋಣ ಅಂದಳು.

ಡಾಕ್ಟರು ಸಣಕಲು ಮನುಷ್ಯ, ಮಾತು ಜಾಸ್ತಿ. ಅಕ್ಕನ ಕೈಯನ್ನು ಅಳುಕಿಲ್ಲದೆ ಹಿಡಿದುಕೊಂಡು ತಿರುಗಿಸಿ ನೋಡಿದರು. ಎಷ್ಟೋ ದಿನಗಳ ಮೇಲೆ ಹೊರಗಿನವರೊಬ್ಬರು ಆ ಕೈ ಹಿಡಿದಿದ್ದರು. ಇದು ಕುಷ್ಠವಲ್ಲ, ಅಂಟುವುದಿಲ್ಲ, ಯಾರಿಗೂ ಹೆದರಬೇಡಿ ಅಂದರು. ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕಣಗಳಿರುತ್ತವಂತೆ. ಬಿಳಿ ಮಚ್ಚೆಯಲ್ಲಿ ಅವು ನಾಶವಾಗಿರುತ್ತವೆ. ಆದರೆ ಒಂದೊಂದು ಕೂದಲಿನ ಬುಡದಲ್ಲೂ ಒಂದಿಷ್ಟು ಅಡಗಿ ಉಳಿದಿರುತ್ತವೆ. ಬಾವಂಚಿ ಬೀಜದಿಂದ ತೆಗೆದ ಔಷಧ ಹಚ್ಚಿ ಈ ದೀಪದ ಬೆಳಕು ಬಿಟ್ಟರೆ ಅವು ಎಚ್ಚೆತ್ತು, ಹೆಚ್ಚಿ, ಮೇಲಕ್ಕೆ ಬಂದು ಸುತ್ತ ಹರಡುತ್ತವೆ. ರಾಗಿ ಒಟ್ಲಿನಿಂದ ಪೈರು ಕಿತ್ತು ಹೊಲಕ್ಕೆಲ್ಲ ನಾಟಿ ಮಾಡಿದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಹಾಗೆ ಹೇಳಿದ್ದಕ್ಕೆ ಡಾಕ್ಟರು ಬಹಳ ಖುಷಿಪಟ್ಟರು.

ಖುಷಿಯ ನಡುವೆಯೇ ಮುಖ ಗಂಭೀರ ಮಾಡಿಕೊಂಡು ಇನ್ನೊಂದು ಮಾತು ಹೇಳಿದರು. ಬೆಳಕು ಕಡಿಮೆಯಾದರೆ ಕಣಗಳು ಏಳುವುದಿಲ್ಲ, ಹೆಚ್ಚಾದರೆ ಸುಟ್ಟು ಹೋಗುತ್ತವೆ. ಔಷಧ ಹಚ್ಚಿದ ಚರ್ಮಕ್ಕೆ ಬೆಳಕನ್ನು ತಡೆಯುವ ಶಕ್ತಿ ಇರುವುದಿಲ್ಲ. ಅದಕ್ಕೆ ದೀಪಕ್ಕೆ ಬಂದ ದಿನ ಬಿಸಿಲಿಗೆ ಬೀಳಕೂಡದು.

ಮೊದಲು ನಾವು ಹೋಗುತ್ತಿದ್ದುದು ಸಂಜೆ. ಕಪ್ಪು ಕನ್ನಡಕ ಹಾಕಿಸಿ, ಮೇಜಿನ ಮೇಲೆ ಕೈ ಚಾಚಿಸಿ, ಡಾಕ್ಟರು ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ದೀಪ ಗುಂಯ್‌ಗುಡುತ್ತಿತ್ತು. ನೀಲಿ ಬೆಳಕಿನ ಸುತ್ತ ಸಿಡಿಲು ಬಡಿದ ಜಾಗದ ವಾಸನೆ ಬರುತ್ತಿತ್ತು. ಸುಡುತ್ತಿಲ್ಲ, ಬಿಸಿಯೇ ಇಲ್ಲ, ಇದೇನು ಔಷಧವೋ ಅಂತ ನನಗೆ ಅನುಮಾನ. ಅಕ್ಕ ಮಾತ್ರ ಉಸಿರು ಬಿಗಿಹಿಡಿದು ಕೂರುತ್ತಿದ್ದಳು, ಅಲ್ಲಾಡಿದರೆ ಎಲ್ಲಿ ಬಣ್ಣ ತಪ್ಪಿಹೋಗುತ್ತದೋ ಅನ್ನುವ ಹಾಗೆ. ಮನೆಗೆ ಬಂದು ಬುಡ್ಡಿಯ ಬೆಳಕಿಗೆ ಕೈ ಹಿಡಿದು ನೋಡುವಳು. ಬೆಳಿಗ್ಗೆ ಎದ್ದು ನೋಡುವಳು. ಕೈ ಒಂಚೂರು ಕೆಂಪಾಗಿ ಮತ್ತೆ ಬೆಳ್ಳಗಾಗುತ್ತಿತ್ತು. ದಿನ ಹೋದವು, ಮಗಳ ಹೊಟ್ಟೆ ಬೆಳೆಯಿತು, ಕೈಯಲ್ಲಿ ಒಂದು ಚುಕ್ಕೆಯೂ ಮೂಡಲಿಲ್ಲ. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅವಸರ ಮಾಡಿದರೆ ಕೆಡುತ್ತದೆ ಅಂತ ಡಾಕ್ಟರು ಸಮಾಧಾನ ಹೇಳುತ್ತಿದ್ದರು. ಸಂತೆಯ ಮಾರನೆಯ ದಿನ ಬರುವುದು ಅವರ ಬೀಗಿತ್ತಿಯಲ್ಲವಲ್ಲ.

ಅಷ್ಟರಲ್ಲಿ ಡಾಕ್ಟರಿಗೆ ಸಂಜೆ ಬೇರೆ ಕಡೆ ಕೆಲಸ ಬಂತು. ದೀಪದ ಹೊತ್ತನ್ನು ಬೆಳಿಗ್ಗೆಗೆ ಹಾಕಿದರು. ನನಗೆ ಕಳೆ ಕೀಳುವ ಕೆಲಸವಿತ್ತು. ಹೇಗೂ ಹಾಲಿಗೆ ಹೋಗುತ್ತೇನಲ್ಲ, ಹಾಗೇ ದೀಪ ಮುಗಿಸಿಕೊಂಡು ಬರುತ್ತೇನೆ ಅಂತ ಅಕ್ಕ ಒಬ್ಬಳೇ ಹೊರಟಳು. ಮಧ್ಯಾಹ್ನ ನಗುತ್ತಲೇ ಬಂದಳು. ಮಾರನೆಯ ಸಂಜೆ ಹಸು ಕರೆಯಲು ಕೂತವಳು ಎದ್ದುಬಿಟ್ಟಳು. ಕೈ ಕೆಂಡದಂತೆ ಕೆಂಪಾಗಿತ್ತು. ಅದರ ಮಾರನೆಯ ಬೆಳಿಗ್ಗೆಗೆ ಎರಡೂ ಮುಂಗೈ ತುಂಬ ನೀರು ತುಂಬಿದ ಬೊಬ್ಬೆಗಳು ಎದ್ದಿದ್ದವು.

ಅಮ್ಮಾಜಮ್ಮ ಹೇಳಿದ ಸಂತೆಗೆ ವಾರವೂ ಉಳಿದಿರಲಿಲ್ಲ. ಭಾವ ಚಿಕ್ಕಮುನಿಯಪ್ಪ, ಅಂದರೆ ಅಕ್ಕನ ಗಂಡ, ಕೈ ನೋಡಿ ಜಗಲಿಯ ಮೇಲೆ ಕುಸಿದು ಕೂತ. ನಾನು ಬಾಳೆ ಎಲೆಯಲ್ಲಿ ಅಕ್ಕನ ಕೈ ಸುತ್ತಿ, ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿದೆ. ದಾರಿಯುದ್ದಕ್ಕೂ ಬೈಗುಳ ಪೋಣಿಸಿಕೊಂಡು ಹೋಗಿದ್ದೆ, ಅಷ್ಟನ್ನೂ ಬಿಚ್ಚಿದೆ.

ಡಾಕ್ಟರ ಮುಖ ಬಿಳುಚಿಕೊಂಡಿತು. ಹಿಂದಿನ ಸಲಕ್ಕಿಂತ ಒಂದು ಕ್ಷಣವೂ ಹೆಚ್ಚು ಬಿಟ್ಟಿಲ್ಲ ಅಂತ ಆಣೆ ಮಾಡಿದರು. ಆಮೇಲೆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಸಿಲಿಗೆ ಹೋಗಿದ್ದಿರಾ ಅಂತ ಕೇಳಿದರು.

"ಇಲ್ಲ ಸಾಮಿ. ತಲೆಗೆ ಒದ್ದೆ ಬಟ್ಟೆ ಆಕ್ಕೊಂಡು, ಮೇಲೆ ಸೆರಗು ಒದ್ದುಕೊಂಡು, ಅದರ ಮೇಲೆ ಕ್ಯಾನು ಇಟ್ಕೊಂಡು ಮನೆಗೆ ಓದೆ. ರವಷ್ಟು ಬಿಸಿಲು ತಲೆಗೆ ಬೀಳ್ನಿಲ್ಲ," ಅಂದಳು ಅಕ್ಕ.

"ಕೈ?" ಅಂದರು ಡಾಕ್ಟರು.

"ಕೈಗೇನು ಸಾಮಿ, ಕೈ ಕ್ಯಾನು ಇಡ್ಕೊಂಡಿತ್ತು."

ಹೇಗೆ ಹಿಡಿದಿದ್ದಿರಿ, ತೋರಿಸಿ ಅಂದರು. ಅಕ್ಕ ಬೊಬ್ಬೆ ಎದ್ದ ಕೈಗಳೆರಡನ್ನೂ ಮೆಲ್ಲಗೆ ಮೇಲೆತ್ತಿ, ಇಲ್ಲದ ಕ್ಯಾನನ್ನು ತಲೆಯ ಮೇಲೆ ಹಿಡಿದು ನಿಂತಳು. ಅಂಗೈ ಒಳಗೆ, ಮುಂಗೈ ಹೊರಗೆ, ಎರಡೂ ಸೂರ್ಯನಿಗೆ ನೇರ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬಗಳ ಪಕ್ಕದ ಆ ದಾರಿಯಲ್ಲಿ ಒಂದು ಮರವಿಲ್ಲ. ಮೇಲಿನ ಬಿಸಿಲಿನ ಜೊತೆಗೆ ಬೂದಿ ಬಣ್ಣದ ದಿಬ್ಬದ ಝಳವೂ ಕಣ್ಣಿಗೆ ಹೊಡೆಯುತ್ತದೆ. ಅಷ್ಟು ದೂರವೂ ಅವಳು ದೀಪಕ್ಕಿಂತ ದೊಡ್ಡ ದೀಪಕ್ಕೆ ಕೈ ಒಡ್ಡಿಕೊಂಡು ನಡೆದಿದ್ದಳು.

ಬಿಸಿಲು ಅಂದರೆ ನಮ್ಮ ಕಡೆ ತಲೆಯ ವಿಚಾರ. ಬಿಸಿಲು ಹೊಡೆಯುವುದು ತಲೆಗೆ, ಕಾಪಾಡಬೇಕಾದ್ದು ತಲೆಯನ್ನು. ಕೈಗೆ ಬಿಸಿಲಾಯಿತು ಅಂತ ಯಾರಾದರೂ ಅಂದಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಹೊರೆ ಹೊರುವ ಯಾವ ಹೆಂಗಸು ಅಲ್ಲಿದ್ದರೂ ಹಾಗೇ ನಡೆದು ಬರುತ್ತಿದ್ದಳು. ಡಾಕ್ಟರು ತಲೆಯ ಮೇಲೆ ಹೊರೆ ಹೊತ್ತವರಲ್ಲ, ಅವರಿಗೆ ಅದು ಹೊಳೆಯಲಿಲ್ಲ. ನಮಗೆ ಕೈಯೊಳಗಿನ ಕಣಗಳ ಗತಿ ಗೊತ್ತಿಲ್ಲ, ನಮಗೂ ಹೊಳೆಯಲಿಲ್ಲ. ಯಾರನ್ನು ಬೈಯಬೇಕೋ ತಿಳಿಯದೆ ನಾನು ಬಾಗಿಲ ಕಡೆ ತಿರುಗಿ ನಿಂತೆ.

ಡಾಕ್ಟರು ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಗಾಯ ಮಾಯುವವರೆಗೆ ದೀಪವಿಲ್ಲ ಅಂದರು. ಆಮೇಲೆ ಏನಾಗಬಹುದು ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿದರು. ಉಳಿದ ಕಣಗಳೂ ಸುಟ್ಟಿದ್ದರೆ ಬಿಳಿ ಇನ್ನೂ ಹರಡೀತು, ಅದೃಷ್ಟವಿದ್ದರೆ ಎಚ್ಚೆತ್ತಾವು, ಈಗಲೇ ಹೇಳಲಾರೆ ಅಂದರು.

ಸಂತೆಯ ಮಾರನೆಯ ದಿನ ಗಾಡಿ ನಮ್ಮ ಮನೆ ಮುಂದೆ ನಿಂತಿತು. ನಾನು ಸುಳ್ಳೊಂದನ್ನು ಸಿದ್ಧ ಮಾಡಿ ಇಟ್ಟಿದ್ದೆ. ಹಂಡೆಯ ಬಿಸಿನೀರು ಚೆಲ್ಲಿತು ಅನ್ನು ಅಂತ ಅಕ್ಕನಿಗೆ ಹತ್ತು ಸಲ ಹೇಳಿಕೊಟ್ಟಿದ್ದೆ. ಗಾಡಿಯ ಹಿಂದೆ ಮುನಿರತ್ನಮ್ಮನ ತಗಡಿನ ಪೆಟ್ಟಿಗೆ ಇತ್ತು. ಅದನ್ನು ಕಂಡು ನನಗೆ ಜೀವ ಬಂತು, ಬಿಟ್ಟು ಹೋಗುವ ಮನಸ್ಸಿದ್ದೇ ಬಂದಿದ್ದಾಳೆ ಅಂದುಕೊಂಡೆ. ಅಮ್ಮಾಜಮ್ಮ ಇಳಿದು, ನೀರು ಕೂಡ ಮುಟ್ಟದೆ, ಅಕ್ಕನ ಕೈಗೆ ಕಟ್ಟಿದ ಬಟ್ಟೆಯನ್ನೇ ನೋಡಿದಳು. ಇದೇನು ಅಂತ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಕೈಯ ಬಟ್ಟೆ ಬಿಚ್ಚತೊಡಗಿದಳು. ದೀಪದ್ದು, ಬಿಸಿಲಿನದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಡೆದ ಬೊಬ್ಬೆ, ಸುಲಿದ ಚರ್ಮ, ಕೆಳಗೆ ಹಸಿ ಕೆಂಪು. ಅಮ್ಮಾಜಮ್ಮ ಹಿಂದಕ್ಕೆ ಸರಿದ ರಭಸಕ್ಕೆ ಎತ್ತು ಬೆಚ್ಚಿತು.

"ಪೆಟ್ಟಿಗೆ ಇಳಿಸ್ಬ್ಯಾಡ," ಅಂದಳು ಗಾಡಿಯವನಿಗೆ.

ಮುನಿರತ್ನಮ್ಮ ಒಂದು ಕಾಲನ್ನು ಆಗಲೇ ನೆಲಕ್ಕೆ ಇಟ್ಟಿದ್ದಳು. ಅವ್ವಾ ಅಂದಳು. ಅಕ್ಕ ಮುಂದೆ ಹೋಗಲಿಲ್ಲ, ಸುಲಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಓಗವ್ವ, ಉಷಾರಾಗಿ ಕೂತ್ಕೊ ಅಂದಳು. ನಾನು ಎತ್ತಿನ ಮೂಗುದಾರ ಹಿಡಿದು ಅಡ್ಡ ನಿಂತೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಅಮ್ಮಾಜಮ್ಮನ ಏಳು ತಲೆಯನ್ನೂ ಬಿಡಲಿಲ್ಲ. ಭಾವನೇ ಬಂದು ನನ್ನ ಕೈ ಬಿಡಿಸಿದ. ಗಾಡಿ ತಿರುಗಿತು. ಹುಡುಗಿ ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕಾಣುವವರೆಗೂ ಹಿಂದಕ್ಕೆ ನೋಡುತ್ತಲೇ ಹೋದಳು. ಅವತ್ತಿನಷ್ಟು ಸಂಕಟ ನನಗೆ ನನ್ನ ತಾಯಿ ಸತ್ತಾಗಲೂ ಆಗಿರಲಿಲ್ಲ.

ಮಗು ಕಾಮಸಮುದ್ರದಲ್ಲೇ ಹುಟ್ಟಿತು. ಹೆಣ್ಣು ಮಗು, ತಾಯಿ ಮಗು ಚೆನ್ನಾಗಿದ್ದಾರೆ ಅಂತ ಯಾರೋ ಬಸ್ಸಿನವರ ಕೈಲಿ ಸುದ್ದಿ ಬಂತು. ಯಾರು ಎರೆದರು ಅಂತ ಅಕ್ಕ ಕೇಳಿದಳು. ಸುದ್ದಿ ತಂದವನಿಗೆ ಅದೆಲ್ಲ ಹೇಗೆ ಗೊತ್ತಿರಬೇಕು. ಅವತ್ತು ಅಕ್ಕ ಹಿತ್ತಿಲಲ್ಲಿ ಕಾಲು ಚಾಚಿ ಕೂಸಿಗೆ ಎರೆಯುವವಳ ಹಾಗೆ ಕೂತಿದ್ದಳು.

ಗಾಯ ಒಣಗಿ ಹೊಟ್ಟು ಉದುರಿದ ಮೇಲೆ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕೊಟ್ಟಿಗೆಗೆ ಕೂಗಿದಳು. ಕೈಗೆ ರಾಗಿಕಾಳು ಅಂಟಿಕೊಂಡಿದೆ, ತೊಳೆದರೆ ಹೋಗುತ್ತಿಲ್ಲ ಅಂದಳು. ನಾನೂ ಉಜ್ಜಿ ನೋಡಿದೆ. ಅದು ರಾಗಿಯಲ್ಲ. ಮುಂಗೈಯ ಒಂದೊಂದು ಕೂದಲಿನ ಬುಡದಲ್ಲೂ ಒಂದೊಂದು ಕಂದು ಚುಕ್ಕೆ ಎದ್ದಿತ್ತು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ಕಣ್ಣೊರೆಸಿಕೊಂಡರು.

ಡಾಕ್ಟರು ಬೇರೆ ಕಡೆಯ ಕೆಲಸ ಬಿಟ್ಟು ಮತ್ತೆ ಸಂಜೆಯೇ ದೀಪ ಶುರು ಮಾಡಿದರು. ಈ ಸಲ ನಾನು ಹಳೆ ಸೀರೆಯಲ್ಲಿ ಎರಡು ಕೈಚೀಲ ಹೊಲಿದೆ. ಅಕ್ಕ ಹಗಲೆಲ್ಲ ಅದರೊಳಗೆ ಕೈ ತೂರಿಸಿಕೊಂಡೇ ಓಡಾಡಿದಳು, ಕ್ಯಾನು ತಲೆಯಿಂದ ಸೊಂಟಕ್ಕೆ ಇಳಿಯಿತು. ಚುಕ್ಕೆಗಳು ಹಿಗ್ಗಿದವು, ಒಂದಕ್ಕೊಂದು ಕೂಡಿದವು, ಮುಂಗೈ ತುಂಬಿತು. ಬೆರಳ ತುದಿಗಳು ಮಾತ್ರ ಬಿಳಿಯಾಗಿಯೇ ಉಳಿದವು. ಅಲ್ಲಿ ಕೂದಲಿಲ್ಲ, ಕೂದಲಿಲ್ಲದ ಕಡೆ ಒಟ್ಲೇ ಇಲ್ಲ, ಪೈರು ಎಲ್ಲಿಂದ ತರಲಿ ಅಂದರು ಡಾಕ್ಟರು. ನನ್ನ ಮಾತನ್ನು ನನಗೇ ತಿರುಗಿಸಿ ಕೊಟ್ಟರು. ಅದು ಯಾವತ್ತಿಗೂ ಹೋಗುವುದಿಲ್ಲವೆಂದು ಅವರೇ ಬಿಡಿಸಿ ಹೇಳಿದರು.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ ನಾವಿಬ್ಬರೂ ಕಾಮಸಮುದ್ರಕ್ಕೆ ಹೋದೆವು. ಹಿತ್ತಿಲಲ್ಲಿ ನೀರು ಕಾದಿತ್ತು. ಅಮ್ಮಾಜಮ್ಮನಿಗೆ ಮಂಡಿ ನೋವು, ಕಾಲು ಚಾಚಿದರೆ ಮಡಿಸಲಾಗದು, ಮಡಿಸಿದರೆ ಚಾಚಲಾಗದು. ಮಗು ಕಿರುಚಿ ಕಿರುಚಿ ನೀಲಿಯಾಗಿತ್ತು. ಅಕ್ಕ ಮುಂಗೈ ಮುಂದಕ್ಕೆ ಚಾಚಿದಳು. ಅಮ್ಮಾಜಮ್ಮ ಬೆಳಕಿಗೆ ಸರಿದು ನೋಡಿದಳು, ಇನ್ನೊಮ್ಮೆ ನೋಡಿದಳು. ಸರಿ ಓಗ್ಯದೆ ಕಣವ್ವ ಅಂತ ಮಗುವನ್ನು ಎತ್ತಿ ಕೊಡಲು ಬಂದಳು. ಇನ್ನೇನು, ತಗೊ, ತಗೊ ಅಂತ ಮನಸ್ಸಿನಲ್ಲೇ ಕೂಗಿದೆ.

ಅಕ್ಕ ತೆಗೆದುಕೊಳ್ಳಲಿಲ್ಲ. ಕೈಯನ್ನು ಮಗುಚಿ ಬೆರಳ ತುದಿಗಳನ್ನು ತೋರಿಸಿದಳು.

"ಇದು ಓಗಲ್ಲ. ಇನ್ಯಾವತ್ತೂ ಓಗಲ್ಲ. ಅಂಟಲ್ಲ ಅಂತ ಡಾಕ್ಟ್ರು ಏಳವ್ರೆ. ಇದನ್ನ ನೋಡಿ ಕೊಡಂಗಿದ್ರೆ ಕೊಡು."

ಅವಳನ್ನು ಅಲ್ಲೇ ಚಿವುಟಿ ಹಾಕಬೇಕೆನ್ನಿಸಿತು ನನಗೆ. ಅಮ್ಮಾಜಮ್ಮ ಮಗುವನ್ನು ಎದೆಗೆ ಒತ್ತಿಕೊಂಡು, ಡಾಕ್ಟರಿಗೇನು, ಇದು ಅವರ ಮೊಮ್ಮಗುವಾ ಅಂದಳು. ಬಾಗಿಲಲ್ಲಿ ನಿಂತ ಮುನಿರತ್ನಮ್ಮ ಅತ್ತೆಯನ್ನೂ ತಾಯಿಯನ್ನೂ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಮ್ಮಾಜಮ್ಮ ಮಗುವನ್ನು ಸೊಸೆಗೆ ಕೊಟ್ಟು, ಕಲ್ಲಿನ ಮೇಲೆ ಕೂತು, ತನ್ನ ಬಲಗೈಯನ್ನು ಚಾಚಿದಳು.

"ಎಣ್ಣೆ ತಗೊ. ಮೊದ್ಲು ನನ್ ಕೈಗೆ ತಿಕ್ಕು."

ಅಕ್ಕ ಎಣ್ಣೆ ಸುರಿದು ತಿಕ್ಕಿದಳು. ಅಮ್ಮಾಜಮ್ಮ ಹುತ್ತಕ್ಕೆ ಕೈ ಇಟ್ಟವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು. ನಡುವೆ ಕಣ್ಣು ಬಿಟ್ಟು, ಮುಂಗೈಯಲ್ಲಿ ಉಳಿದ ಸುಟ್ಟ ಕಲೆಯನ್ನು ನೋಡಿ, ಬೊಬ್ಬೆ ಎದ್ದದ್ದು ಇಲ್ಲೇನಾ ಅಂತ ಕೇಳಿದಳು. ಊಂ ಅಂದಳು ಅಕ್ಕ. ಎಣ್ಣೆ ಹಚ್ಚಿಸಿಕೊಂಡು ಎದ್ದವಳು, ಒಂದಲ್ಲ ಎರಡು ಅಮಾವಾಸ್ಯೆ ಕಳೆಯಲಿ, ನನ್ನ ಕೈ ಹೀಗೇ ಇದ್ದರೆ ಮಗುವನ್ನು ನಾನೇ ತರುತ್ತೇನೆ ಅಂದಳು.

ಬಸ್ಸಿನಲ್ಲಿ ನಾನು ಉರಿದು ಬಿದ್ದೆ. ಅಕ್ಕ ನಗುತ್ತಿದ್ದಳು. ಪಾಪ, ಅವಳ ಕೈ ಬಹಳ ಒಡೆದುಹೋಗಿದೆ, ಎಣ್ಣೆ ಕಂಡು ಯಾವ ಕಾಲವಾಯಿತೋ ಅಂದಳು. ಆದರೆ ಮನೆಗೆ ಬಂದ ಮೇಲೆ ಅವಳಿಗೂ ನಿದ್ದೆಯಿಲ್ಲ. ರೊಟ್ಟಿ ಹೆಂಚು ತಾಗಿ ಅಮ್ಮಾಜಮ್ಮನ ಕೈ ಸುಟ್ಟು ಬಿಳಿ ಕಲೆಯಾದರೆ? ಯಾವುದೋ ಸೊಪ್ಪು ತಾಗಿ ತುರಿಸಿದರೆ? ನಮ್ಮ ಬೀಗಿತ್ತಿಯ ಬಲಗೈ ಚೆನ್ನಾಗಿರಲಿ ಅಂತ ನಾನು, ಈ ನಾನು, ಊರಮ್ಮನಿಗೆ ತುಪ್ಪದ ದೀಪ ಹಚ್ಚಿ ಬಂದೆ.

ಎರಡನೆಯ ಅಮಾವಾಸ್ಯೆ ಕಳೆದು ಮೂರು ದಿನವಾದರೂ ಯಾರೂ ಬರಲಿಲ್ಲ. ನಾಲ್ಕನೆಯ ದಿನ ಹೊಲದ ಬದುವಿನ ಮೇಲೆ ಇಬ್ಬರು ಹೆಂಗಸರು ಬರುತ್ತಿರುವುದು ಕಂಡಿತು. ಹಿಂದಿನವಳ ಕಂಕುಳಲ್ಲಿ ಮಗು. ಮುಂದಿನವಳು ಕುಂಟುತ್ತ, ಬಲಗೈಯನ್ನು ಅಷ್ಟು ದೂರದಿಂದಲೇ ಮುಂದಕ್ಕೆ ಚಾಚಿಕೊಂಡು, ಬೆರಳು ಅಗಲಿಸಿ ಹಿಡಿದುಕೊಂಡು ಬರುತ್ತಿದ್ದಳು. ಅಂಟುವುದಿಲ್ಲ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದ ಮಾತನ್ನು ಆ ಕೈ ಈಗ ಹೇಳುತ್ತಿತ್ತು. ಅಂಗಳಕ್ಕೆ ಬಂದವಳು ಕೈಯನ್ನು ಅತ್ತ ಇತ್ತ ತಿರುಗಿಸಿ ಅಕ್ಕನಿಗೆ ತೋರಿಸಿದಳು. ಏನೂ ಆಗಿರಲಿಲ್ಲ.

ಹಿತ್ತಿಲಲ್ಲಿ ಅಕ್ಕ ಕಾಲು ಚಾಚಿ ಕೂತಳು. ಮೊಮ್ಮಗು ಅವಳ ಕಾಲ ಮೇಲೆ ಮಲಗಿ ಎರಡು ಸಲ ಕೊಸರಾಡಿ ಸುಮ್ಮನಾಯಿತು. ಬಿಳಿ ಬೆರಳ ತುದಿಗಳು ಮೂಗು ತೀಡಿದವು, ನೆತ್ತಿ ತಟ್ಟಿದವು. ಅಕ್ಕನ ಕಣ್ಣೀರು ಮಗುವಿನ ಹೊಟ್ಟೆಯ ಮೇಲೆ ಬೀಳುತ್ತಿತ್ತು, ಅದನ್ನೂ ಎಣ್ಣೆಯ ಜೊತೆ ತಿಕ್ಕುತ್ತಿದ್ದಳು. ಚೊಂಬು ಹಿಡಿದು ನೀರು ಹುಯ್ಯುತ್ತಿದ್ದ ಅಮ್ಮಾಜಮ್ಮ ನನ್ನ ಮುಖ ತಪ್ಪಿಸಿ ಅಕ್ಕನಿಗೆ ಮೆಲ್ಲಗೆ ಹೇಳಿದಳು.

"ಮಗು ಮಲಗಿದ್ ಮ್ಯಾಲೆ ನನ್ ಮಂಡಿಗೂ ರವಷ್ಟು ತಿಕ್ಕವ್ವ."